ಡಿಸೆಂಬರ್ ತಿಂಗಳಲ್ಲಿ ನೆರಳು ಎಲ್ಲಿ ಬೀಳುತ್ತದೆ?

ಹೋದ ವಾರ ನಮ್ಮ ಅಂಗಡಿಗೆ ಒಬ್ಬ ಹುಡುಗ ಬಂದಿದ್ದ. ಹುಬ್ಬಳ್ಳಿಯ ಒಂದು ಸೋಲಾರ್ ಕಂಪನಿಯವನು. ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಆಗಿದೆಯಂತೆ. ಸಿದ್ದಾಪುರ ತಾಲೂಕಿನಲ್ಲಿ ಒಂದು ತಿಂಗಳು ಓಡಾಡಿದ್ದಾನೆ. ನಲವತ್ತು ಮನೆಯ ಮೆಟ್ಟಿಲು ಹತ್ತಿದ್ದಾನೆ. ಕೆಲಸ ಕುದುರಿದ್ದು ಎರಡೇ ಕಡೆ. ಬೈಕಿನ ಮೇಲೆ ಕೂತೂ ಕೂತೂ ಮುಖ ಬಾಡಿತ್ತು.

"ಸರ್, ಮಾಡಿನ ಮೇಲೆ ಮೂರು ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ರೆ ಸರ್ಕಾರ 78,000 ರೂಪಾಯಿ ಸಬ್ಸಿಡಿ ಕೊಡ್ತಿದೆ. ಬ್ಯಾಂಕಿನವರು ಸಾಲ ಕೊಡ್ತಾರೆ. ಆದ್ರೂ ಜನ ಯಾಕೆ ತಗೊಳ್ಳಲ್ಲ?" ಅಂತ ಕೇಳಿದ.

ಆವತ್ತು ಅಂಗಡಿಯಲ್ಲಿ ಗಿರಾಕಿಗಳು ಜಾಸ್ತಿ ಇದ್ದರು. ಅವನಿಗೆ ಅರ್ಧಂಬರ್ಧ ಹೇಳಿ ಕಳಿಸಿದೆ. ಮನಸ್ಸಿಗೆ ಸಮಾಧಾನ ಆಗಲಿಲ್ಲ. ಇದೇ ಪ್ರಶ್ನೆ ಹೊತ್ತುಕೊಂಡು ನಾನೂ ಓಡಾಡಿದವನು. ಹಾಗಾಗಿ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ನಾನು ಈ ಕೆಲಸಕ್ಕೆ ಸೇರಿದ್ದು 1999ರಲ್ಲಿ. ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದ್ದೆ. ಶಿರಸಿಯಲ್ಲಿ ಸೋಲಾರ್ ದೀಪ ಮಾರುವ ಒಂದು ಸಣ್ಣ ಅಂಗಡಿ ಇತ್ತು. ಮಾರುವುದು, ಕೂಡಿಸುವುದು, ಕೆಟ್ಟರೆ ಹೋಗಿ ನೋಡುವುದು, ಮೂರೂ ನನ್ನದೇ ಕೆಲಸ. ಎಂ-80 ಗಾಡಿಯ ಹಿಂದೆ 37 ವ್ಯಾಟ್‌ನ ಪ್ಯಾನೆಲ್ಲನ್ನು ಗೋಣಿಚೀಲದಲ್ಲಿ ಸುತ್ತಿ ಕಟ್ಟಿಕೊಂಡು ಹೊರಡುತ್ತಿದ್ದೆ. ಒಂದು ಪ್ಯಾನೆಲ್, ಒಂದು ಬ್ಯಾಟರಿ, ಒಂದು ಕಂಟ್ರೋಲರ್, 9 ವ್ಯಾಟ್‌ನ ನಾಲ್ಕು ಸಿಎಫ್‌ಎಲ್ ದೀಪ. ಎಲ್ಲ ಸೇರಿ ನಮ್ಮ ಅಂಗಡಿಯಲ್ಲಿ ರೂ. 17,000ದ ಆಸುಪಾಸು. ಆಗ ಅದು ಸಣ್ಣ ಮೊತ್ತ ಅಲ್ಲ. ಒಂದು ಒಳ್ಳೆಯ ಕರಾವಿನ ಹಸು ತಂದು, ಮೇಲೆ ಕೊಟ್ಟಿಗೆಯ ಹೆಂಚೂ ಹೊದಿಸಬಹುದಿತ್ತು.

ನಮ್ಮ ಕಡೆಯ ಮನೆಗಳು ಹೇಗಿರುತ್ತವೆ ಅಂತ ಘಟ್ಟದ ಮೇಲಿನವರಿಗೆ ಹೇಳಬೇಕಾಗಿಲ್ಲ. ಕಣಿವೆಯಲ್ಲಿ ತೋಟ, ತೋಟದ ತಲೆಯಲ್ಲಿ ಒಂದು ಮನೆ. ಮುಂದಿನ ಮನೆ ಅರ್ಧ ಮೈಲಿ ಆಚೆ. ಎಷ್ಟೋ ಕಡೆ ಕರೆಂಟಿನ ಕಂಬವೇ ಬಂದಿರಲಿಲ್ಲ. ಬಂದ ಕಡೆ ತಂತಿ ಕಾಡಿನ ಮಧ್ಯೆ ಹಾದು ಬರುತ್ತಿತ್ತು. ಜೂನ್‌ನಲ್ಲಿ ಒಂದು ಮರ ಬಿದ್ದರೆ ನಾಲ್ಕೈದು ದಿನ ಕತ್ತಲೆ. ಚಿಮಣಿ ಬುಡ್ಡಿ, ಲಾಟೀನು, ರೇಷನ್ ಸೀಮೆಎಣ್ಣೆ. ಇಂಥ ಊರಿನಲ್ಲಿ ದೀಪ ಮಾರುವುದು ಸುಲಭ ಅಂತ ನಾನು ಅಂದುಕೊಂಡಿದ್ದೆ.

ಮೊದಲ ದಿನವೇ ಜಗಲಿಯ ಮೇಲೆ ಕೂತ ಹಿರಿಯರೊಬ್ಬರು ಕೇಳಿದರು: "ಮಳೆಗಾಲದಲ್ಲಿ ಬಿಸಿಲು ಎಲ್ಲಿಂದ ತರ್ತೀಯ?"

ಕಂಪನಿಯ ಕಾಗದದಲ್ಲಿ ಮೋಡ ಇದ್ದರೂ ಕೆಲಸ ಮಾಡುತ್ತದೆ ಅಂತ ಇತ್ತು. ನಾನು ಅದನ್ನೇ ಹೇಳಿದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಮೋಡ ಕವಿದಾಗ ಚಾರ್ಜ್ ಆಗುತ್ತದೆ, ಆದರೆ ಬಹಳ ಕಡಿಮೆ. ನಮ್ಮ ಆಷಾಢದ ಮೋಡ ವಾರಗಟ್ಟಲೆ ಸರಿಯುವುದಿಲ್ಲ. ಆ ಮಾತು ನಂಬಿ ಒಬ್ಬರು ದೀಪ ಹಾಕಿಸಿಕೊಂಡರು. ಜುಲೈನಲ್ಲಿ ನಾಲ್ಕನೇ ದಿನಕ್ಕೆ ದೀಪ ಆರಿತು. ನಾನು ಹೋದಾಗ ಅವರು ಬಯ್ಯಲಿಲ್ಲ. ಒಳಗೆ ಕರೆದು ಊಟ ಹಾಕಿದರು. ಊಟ ಮುಗಿದ ಮೇಲೆ, "ನೀನು ಮೊದಲೇ ಹೇಳಿದ್ರೆ ಎರಡೇ ದೀಪ ಉರಿಸ್ತಿದ್ವಲ್ಲ ಮಾರಾಯ" ಅಂದರು. ಆ ಮಾತು ಇಷ್ಟು ವರ್ಷ ಆದರೂ ಕಿವಿಯಲ್ಲಿದೆ.

ಅಲ್ಲಿಂದ ಮುಂದೆ ನಾನು ಮಾತು ಶುರು ಮಾಡುತ್ತಿದ್ದದ್ದೇ ಮಳೆಗಾಲದಿಂದ. ಬ್ಯಾಟರಿ ಪೂರ್ತಿ ತುಂಬಿದ್ದರೆ ಬಿಸಿಲಿಲ್ಲದೆ ಮೂರು ದಿನ ನಡೆಯುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ನಾಲ್ಕರಲ್ಲಿ ಎರಡು ದೀಪ ಮಾತ್ರ ಉರಿಸಿ. ಅಡುಗೆಮನೆಯದನ್ನು ಬಿಡಬೇಡಿ, ಚಾವಡಿಯದನ್ನು ಆರಿಸಿ. ಲಾಟೀನು ಎಸೆಯಬೇಡಿ. ಅಂಗಡಿಯ ಮಾಲೀಕರಿಗೆ ಮೊದಲು ಇದು ಸರಿ ಕಾಣಲಿಲ್ಲ. ನಮ್ಮ ಮಾಲಿನ ಕೊರತೆಯನ್ನು ನಾವೇ ಹೇಳುವುದಾ ಅಂದರು. ಆದರೆ ಆ ಹಿರಿಯರ ಪ್ರಶ್ನೆಗೆ ಉತ್ತರ ಸಿಗದೆ ಯಾರೂ ದುಡ್ಡು ಬಿಚ್ಚುತ್ತಿರಲಿಲ್ಲ. ಉತ್ತರ ಸಿಕ್ಕ ಮೇಲೆ ಬಿಚ್ಚಿದರು.

ಇನ್ನೊಂದು ಪಾಠ ಹಲಸಿನ ಮರದಿಂದ. ಮೇ ತಿಂಗಳಲ್ಲಿ ಒಂದು ಮನೆಯ ಮಾಡಿನ ಮೇಲೆ ಪ್ಯಾನೆಲ್ ಕೂಡಿಸಿದ್ದೆ. ಸೂರ್ಯ ನೆತ್ತಿಯ ಮೇಲೆ, ಒಂದು ಚೂರು ನೆರಳಿಲ್ಲ. ಡಿಸೆಂಬರ್‌ನಲ್ಲಿ ದೂರು ಬಂತು. ಆಕಾಶದಲ್ಲಿ ಮೋಡದ ಸುಳಿವಿಲ್ಲ, ದೀಪ ಮಾತ್ರ ಎಂಟು ಗಂಟೆಗೇ ಆರುತ್ತದೆ. ಬ್ಯಾಟರಿ ನೋಡಿದೆ, ತಂತಿ ನೋಡಿದೆ, ಎಲ್ಲ ಸರಿ ಇತ್ತು. ಮಧ್ಯಾಹ್ನ ಮಾಡು ಹತ್ತಿದಾಗ ಗೊತ್ತಾಯಿತು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ಅಂಗಳದಾಚೆಯ ಹಲಸಿನ ಮರದ ಒಂದು ಕೊಂಬೆಯ ನೆರಳು ಪ್ಯಾನೆಲ್ಲಿನ ಮೂಲೆಗೆ ಬೀಳುತ್ತಿತ್ತು. ಅಂಗೈ ಅಗಲದ ನೆರಳು, ಅಷ್ಟೇ. ಆದರೆ ಪ್ಯಾನೆಲ್ಲಿನಲ್ಲಿ ಬಿಸಿಲನ್ನು ಕರೆಂಟು ಮಾಡುವ 36 ಸೆಲ್‌ಗಳು ಒಂದರ ಹಿಂದೆ ಒಂದು ಜೋಡಿಸಿರುತ್ತವೆ. ಗದ್ದೆಗೆ ನೀರು ಹೋಗುವ ಕಾಲುವೆಯ ಹಾಗೆ. ಒಂದು ಕಡೆ ಕಟ್ಟಿಕೊಂಡರೆ ಮುಂದಕ್ಕೆಲ್ಲ ನೀರು ಕಡಿಮೆ. ಮರ ಕಡಿಯಲು ಆ ಮನೆಯವರಿಗೆ ಮನಸ್ಸಿರಲಿಲ್ಲ, ನನಗೂ ಇರಲಿಲ್ಲ. ಪ್ಯಾನೆಲ್ಲನ್ನು ಕೊಟ್ಟಿಗೆಯ ಮಾಡಿಗೆ ಸಾಗಿಸಿದೆ.

ಕೊಟ್ಟಿಗೆ ಅಂದಾಗ ಒಬ್ಬ ಅಜ್ಜಿ ನೆನಪಾಗುತ್ತಾರೆ. ಮನೆಯ ಯಜಮಾನರ ಜೊತೆ ನಾನು ನಾಲ್ಕು ದೀಪ ಎಲ್ಲೆಲ್ಲಿ ಅಂತ ಲೆಕ್ಕ ಹಾಕುತ್ತಿದ್ದೆ. ಜಗಲಿಗೊಂದು, ನಡುಮನೆಗೊಂದು, ಕೋಣೆಗೊಂದು, ಅಡುಗೆಮನೆಗೊಂದು. ಕಂಪನಿಯ ಕಾಗದದಲ್ಲೂ ಹಾಗೇ ಇತ್ತು. ಅಜ್ಜಿ ಬಾಗಿಲ ಮರೆಯಿಂದಲೇ ಹೇಳಿದರು: "ಜಗಲಿಗೆ ಎಂತಕ್ಕೆ ತಮಾ? ಕೊಟ್ಟಿಗೆಗೆ ಹಾಕು. ಹಾವು ಬಪ್ಪದು ಅಲ್ಲಿಗೇಯ." ಬೆಳಿಗ್ಗೆ ಐದಕ್ಕೆ ಕತ್ತಲಲ್ಲಿ ಹಾಲು ಕರೆಯಲು ಹೋಗುವವರು ಅವರು. ಜಗಲಿಯ ದೀಪದಿಂದ ಅವರಿಗೆ ಏನೂ ಆಗಬೇಕಾಗಿರಲಿಲ್ಲ. ಆಮೇಲೆ ನಾನು ಎಲ್ಲ ಮನೆಯಲ್ಲೂ ಹೆಂಗಸರನ್ನು ಕೇಳದೆ ತಂತಿ ಎಳೆಯುತ್ತಿರಲಿಲ್ಲ. ಬಚ್ಚಲು, ಕೊಟ್ಟಿಗೆ, ಅಡುಗೆಮನೆಯ ಒಲೆಯ ಮೇಲೆ. ಹತ್ತರಲ್ಲಿ ಎಂಟು ಮನೆಯಲ್ಲಿ ಇವೇ ಮೂರು ಜಾಗ. ಕೊಟ್ಟಿಗೆಗೆ ದೀಪ ಅಂದ ಮೇಲೆ ಮನೆಯೊಳಗಿಂದಲೇ ಒತ್ತಾಯ ಬರತೊಡಗಿತು.

ಇಷ್ಟೆಲ್ಲ ಆದರೂ ದುಡ್ಡಿನ ಪ್ರಶ್ನೆ ಉಳಿಯಿತು. ಅಲ್ಲಿ ನಾವು ಗೆಲ್ಲಬೇಕಾದವರು ಮನೆಯವರಲ್ಲ, ಬ್ಯಾಂಕಿನವರು.

ನಾನು ಮೊದಲು ಹೋದ ಶಾಖೆಯ ಮ್ಯಾನೇಜರ್ ಅರ್ಜಿಯನ್ನು ನೋಡಿ ವಾಪಸ್ ಕೊಟ್ಟರು. ಹಸುವಿಗೆ ಸಾಲ ಕೊಡುತ್ತೇವೆ, ಹಾಲು ಬರುತ್ತದೆ. ಪಂಪ್‌ಸೆಟ್‌ಗೆ ಕೊಡುತ್ತೇವೆ, ಬೆಳೆ ಬರುತ್ತದೆ. ದೀಪದಿಂದ ಏನು ಬರುತ್ತದೆ? ಸಾಲ ಕಟ್ಟದಿದ್ದರೆ ಮಾಡಿನ ಮೇಲಿನ ಗಾಜನ್ನು ಜಪ್ತಿ ಮಾಡಿ ಯಾರಿಗೆ ಮಾರುವುದು? ಕೊನೆಗೆ ಒಂದು ಪ್ರಶ್ನೆ ಕೇಳಿದರು: "ಸಾಲ ಐದು ವರ್ಷದ್ದು. ಐದು ವರ್ಷ ನೀನು ಇಲ್ಲಿ ಇರ್ತೀಯೇನಪ್ಪ?"

ಮೊದಲ ಎರಡು ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇತ್ತು. ಸೀಮೆಎಣ್ಣೆಯ ಖರ್ಚು, ಮಕ್ಕಳ ಓದು, ಸಂಜೆಯ ಹೊಲಿಗೆ. ಮೂರನೆಯದಕ್ಕೆ ಇರಲಿಲ್ಲ. ಆ ಪ್ರಶ್ನೆಯಲ್ಲಿ ಎಲ್ಲವೂ ಇತ್ತು. ದೀಪ ಆರಿದರೆ ಜನ ಕಂತು ಕಟ್ಟುವುದಿಲ್ಲ. ಕಟ್ಟಬೇಕು ಅಂತ ಹೇಳಲು ಬ್ಯಾಂಕಿಗೂ ಬಾಯಿ ಇರುವುದಿಲ್ಲ.

ನಮ್ಮ ಮಾಲೀಕರು ಮೂರು ವಾರ ಯೋಚನೆ ಮಾಡಿದರು. ಆಮೇಲೆ ಒಂದು ಉದ್ದನೆಯ ರಿಜಿಸ್ಟರ್ ತಂದರು. ಪ್ರತಿ ಮನೆಗೆ ಒಂದು ಪುಟ. ಮೂರು ತಿಂಗಳಿಗೊಮ್ಮೆ ನಾನು ಹೋಗಬೇಕು, ಬ್ಯಾಟರಿಯ ನೀರು ನೋಡಬೇಕು, ಪ್ಯಾನೆಲ್ ಒರೆಸಬೇಕು, ಮನೆಯವರ ಸಹಿ ಹಾಕಿಸಬೇಕು. ಸಹಿ ಬಾರದವರು ಹೆಬ್ಬೆಟ್ಟು ಒತ್ತಬೇಕು. ಆ ರಿಜಿಸ್ಟರ್ ತಿಂಗಳಿಗೊಮ್ಮೆ ಬ್ಯಾಂಕಿಗೆ ಹೋಗಬೇಕು. ಮ್ಯಾನೇಜರ್ ಮೊದಲು ಎರಡೇ ಎರಡು ಸಾಲ ಕೊಟ್ಟರು. ಆರು ತಿಂಗಳು ರಿಜಿಸ್ಟರ್ ನೋಡಿದರು. ಒಂದು ಭಾನುವಾರ ಹೇಳದೆ ಕೇಳದೆ ಆ ಎರಡೂ ಮನೆಗೆ ತಾವೇ ಹೋಗಿ ಬಂದರಂತೆ. ಮುಂದಿನ ತಿಂಗಳು ಹನ್ನೊಂದು ಅರ್ಜಿ ಪಾಸಾಯಿತು. ಆಮೇಲೆ ಶಾಖೆಗೇ ಎರಡು ದೀಪ ಹಾಕಿಸಿಕೊಂಡರು. ಸಂಜೆ ಕರೆಂಟು ಹೋದಾಗ ಲೆಡ್ಜರ್ ಬರೆಯಲು ಮೇಣದಬತ್ತಿ ಹಚ್ಚುವುದು ತಪ್ಪಿತು. ಬ್ಯಾಂಕಿನ ಗೋಡೆಯ ಮೇಲೆ ಉರಿಯುವ ದೀಪವನ್ನು ನೋಡಿದ ಮೇಲೆ, ಸಾಲ ಕೇಳಲು ಬಂದವರೇ ನನ್ನ ವಿಳಾಸ ಕೇಳತೊಡಗಿದರು.

ಕಂತು ಕಟ್ಟುವ ರೀತಿಯೂ ಮುಖ್ಯ. ಅಡಿಕೆಯವರಿಗೆ ವರ್ಷಕ್ಕೊಮ್ಮೆ ದುಡ್ಡು. ಸೊಸೈಟಿಯಲ್ಲಿ ಅಡಿಕೆ ಮಾರಿದಾಗ ಕಟ್ಟುತ್ತೇವೆ ಅನ್ನುತ್ತಿದ್ದರು. ಅವರಿಗೆ ವರ್ಷದ ಕಂತು ಸರಿ. ಕೂಲಿಯವರಿಗೆ, ಬೀಡಾ ಅಂಗಡಿಯವರಿಗೆ, ಹೊಲಿಗೆ ಮಾಡುವವರಿಗೆ ಅದು ಆಗುವುದಿಲ್ಲ. ತಿಂಗಳಿಗೆ 300 ರೂಪಾಯಿ ಅಂದರೆ ಬೇಡ ಅನ್ನುವವರು ದಿನಕ್ಕೆ 10 ರೂಪಾಯಿ ಅಂದರೆ ಯೋಚಿಸುತ್ತಿದ್ದರು. ಲೆಕ್ಕ ಒಂದೇ. ಆದರೆ ದಿನಗೂಲಿಯವರ ಕೈಯಲ್ಲಿ 300 ರೂಪಾಯಿ ಒಟ್ಟಿಗೆ ನಿಲ್ಲುವುದಿಲ್ಲ. ಇದಕ್ಕೆ ದಾರಿ ಹೊಸದಾಗಿ ಹುಡುಕಬೇಕಾಗಿರಲಿಲ್ಲ. ನಮ್ಮ ಕರಾವಳಿಯಲ್ಲೇ ಹುಟ್ಟಿದ ಪಿಗ್ಮಿ ಇತ್ತಲ್ಲ. ಉಡುಪಿಯಲ್ಲಿ ಶುರುವಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಬ್ಯಾಂಕು 1928ರಲ್ಲೇ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹ ಮಾಡಲು ಆರಂಭಿಸಿತ್ತು. ಆ ಕ್ರಮ ನಮ್ಮ ಜನರಿಗೆ ತಲೆಮಾರಿನಿಂದ ಗೊತ್ತು. ಪಿಗ್ಮಿ ಏಜೆಂಟ್ ಸಂಜೆ ಅಂಗಡಿಗೆ ಬಂದಾಗ ಹತ್ತು ರೂಪಾಯಿ ಕೊಟ್ಟರಾಯಿತು, ದೀಪದ ಕಂತು ಕೂಡಿಬಿಡುತ್ತಿತ್ತು. ಹೊಸ ಯಂತ್ರ ಬಂದದ್ದು ಹಳೆಯ ರೂಢಿಯ ಬೆನ್ನೇರಿಕೊಂಡು.

ಈ ದಾರಿಯನ್ನು ದೊಡ್ಡ ಮಟ್ಟದಲ್ಲಿ ತೆರೆದದ್ದು ಬೆಂಗಳೂರಿನ ಸೆಲ್ಕೋ. ಹರೀಶ್ ಹಂದೆ ಮತ್ತು ಜೊತೆಗಾರರು 1995ರಲ್ಲಿ ಶುರು ಮಾಡಿದ ಕಂಪನಿ. ಬಡವರು ಸೋಲಾರ್ ಕೊಳ್ಳಲಾರರು, ಕೊಂಡರೂ ನಿಭಾಯಿಸಲಾರರು ಅನ್ನುವ ಮಾತನ್ನು ಸುಳ್ಳು ಮಾಡಿ ತೋರಿಸುತ್ತೇವೆ ಅಂತ ಹೊರಟವರು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಾನು ಅಲ್ಲಿ ಕೆಲಸ ಮಾಡಿದವನಲ್ಲ, ಒಂದು ರೀತಿಯಲ್ಲಿ ಅವರು ನಮಗೆ ಎದುರಾಳಿಗಳು. ಆದರೂ ಬ್ಯಾಂಕುಗಳ ಬಾಗಿಲನ್ನು ಅವರು ಎಷ್ಟು ಸಲ ತಟ್ಟಿದ್ದರೋ, ಅದರ ಲಾಭ ನಮ್ಮಂಥ ಸಣ್ಣವರಿಗೂ ಸಿಕ್ಕಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಜೊತೆ ಸೇರಿ ಸೋಲಾರ್ ಸಾಲದ ಬಡ್ಡಿ ಇಳಿಸಿದರು. ಶೇ. 12ರ ಹತ್ತಿರ ಇದ್ದದ್ದು ಮೊದಲಿಗೆ ಶೇ. 5ಕ್ಕೆ ಬಂತು. ನಾಲ್ಕೈದು ವರ್ಷದಲ್ಲಿ 18,000ಕ್ಕೂ ಹೆಚ್ಚು ಮನೆಗಳಿಗೆ ಸಾಲ ಹೋಯಿತು. ಬಡ್ಡಿಯ ಇಳಿಕೆಗಿಂತ ದೊಡ್ಡದೊಂದು ಬದಲಾವಣೆ ನಾನು ಕಣ್ಣಾರೆ ಕಂಡೆ. ಅಲ್ಲಿವರೆಗೆ ದೀಪದ ಸಾಲ ಅಂದರೆ ಮ್ಯಾನೇಜರ್ ತಮ್ಮ ಧೈರ್ಯದ ಮೇಲೆ ಕೊಡುವುದು. ಆಮೇಲೆ ಅದಕ್ಕೆ ಮೇಲಿನಿಂದ ಸುತ್ತೋಲೆ ಬಂತು. ಮ್ಯಾನೇಜರ್ ವರ್ಗವಾಗಿ ಹೊಸಬರು ಬಂದರೂ ನಾವು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗಿರಲಿಲ್ಲ.

ಇಷ್ಟು ಹೇಳಿ ಒಂದು ಕೇರಿಯ ಕಥೆ ಹೇಳದಿದ್ದರೆ ತಪ್ಪಾಗುತ್ತದೆ.

ಬಡ್ಡಿ ಇಳಿದಾಗ ಎಲ್ಲೆಲ್ಲಿಂದಲೋ ಮಾರುವವರು ಬಂದರು. ಅದರಲ್ಲಿ ಒಬ್ಬರು ಒಂದು ಕೇರಿಯ ಹದಿನಾಲ್ಕು ಮನೆಗೆ ಒಂದೇ ವಾರದಲ್ಲಿ ದೀಪ ಹಾಕಿ ಹೋದರು. ನಮ್ಮದಕ್ಕಿಂತ ಬೆಲೆ ಕಡಿಮೆ. ಒಳಗೆ ಇಟ್ಟದ್ದು ಕಾರಿನ ಬ್ಯಾಟರಿ. ಕಾರಿನ ಬ್ಯಾಟರಿ ಇಂಜಿನ್ ಚಾಲೂ ಮಾಡಲು ಒಂದು ಕ್ಷಣ ಜೋರಾಗಿ ಕರೆಂಟು ಕೊಡಲಿಕ್ಕೆ ಇರುವುದು. ದಿನಾ ರಾತ್ರಿ ನಿಧಾನಕ್ಕೆ ಖಾಲಿಯಾಗಿ, ಹಗಲು ತುಂಬಿಕೊಳ್ಳುವ ಕೆಲಸಕ್ಕೆ ಅದು ಬಾಳುವುದಿಲ್ಲ. ಡಿಸ್ಟಿಲ್ಡ್ ವಾಟರ್ ಹಾಕಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಮನೆಯವರು ಬಾವಿ ನೀರು ಹಾಕಿದ್ದರು. ವರ್ಷದೊಳಗೆ ಹದಿನಾಲ್ಕೂ ಮನೆ ಕತ್ತಲು. ಮಾರಿದವರ ಫೋನ್ ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಸಾಲ ಮಾತ್ರ ತಲೆಯ ಮೇಲೆ ಉಳಿಯಿತು.

ಆರು ವರ್ಷ ಆ ಕೇರಿಯವರು ನನ್ನನ್ನು ಅಂಗಳಕ್ಕೆ ಬಿಟ್ಟುಕೊಳ್ಳಲಿಲ್ಲ. ತಪ್ಪು ನನ್ನದಲ್ಲ ಅಂತ ಹೇಳಿ ಏನು ಉಪಯೋಗ? ಅವರ ಪಾಲಿಗೆ ಸೋಲಾರ್ ಅಂದರೆ ಒಂದೇ, ಮೋಸ. ಸುತ್ತಲಿನ ನಾಲ್ಕು ಊರಿಗೂ ಆ ಮಾತು ಹರಡಿತು. ಮದುವೆ ಮನೆಯಲ್ಲಿ, ಯಕ್ಷಗಾನದ ಬಯಲಿನಲ್ಲಿ, ಹಾಲಿನ ಡೈರಿಯ ಸಾಲಿನಲ್ಲಿ. ನಾನು ಹತ್ತು ಒಳ್ಳೆಯ ಮನೆ ತೋರಿಸಿದರೂ ಆ ಹದಿನಾಲ್ಕರ ಮುಂದೆ ನಿಲ್ಲುತ್ತಿರಲಿಲ್ಲ. ಈಗಲೂ ಇದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ. ಒಂದು ಒಳ್ಳೆಯ ವಸ್ತುವನ್ನು ಬೇಗ ಮಾರಬೇಕು ಅನ್ನುವ ಅವಸರದಲ್ಲಿ ಆರು ವರ್ಷ ಹಿಂದಕ್ಕೆ ತಳ್ಳಿದರು. ಆ ಆರು ವರ್ಷ ಅಲ್ಲಿ ಎಷ್ಟು ಮಕ್ಕಳು ಬುಡ್ಡಿ ದೀಪದಲ್ಲಿ ಓದಿದರೋ.

ಬಾಗಿಲು ತೆರೆದದ್ದು ಆ ಕೇರಿಯ ಅಂಗನವಾಡಿ ಟೀಚರು. ಅವರ ಮನೆಯ ಹಳೆಯ ಪ್ಯಾನೆಲ್ ಹಾಳಾಗಿರಲಿಲ್ಲ. ಪ್ಯಾನೆಲ್ ಅಷ್ಟು ಬೇಗ ಹಾಳಾಗುವುದೂ ಇಲ್ಲ. ದಿನಾ ಖಾಲಿಯಾಗಿ ತುಂಬಿಕೊಳ್ಳುವ ಕೆಲಸಕ್ಕೇ ಮಾಡಿದ ಟ್ಯೂಬುಲರ್ ಬ್ಯಾಟರಿ ಇಟ್ಟು, ಸಿಎಫ್‌ಎಲ್ ತೆಗೆದು 3 ವ್ಯಾಟ್‌ನ ಎಲ್‌ಇಡಿ ಹಾಕಿದೆ. ದುಡ್ಡು ಮುಂಗಡ ತೆಗೆದುಕೊಳ್ಳಲಿಲ್ಲ, ಮುಂದಿನ ಮಳೆಗಾಲ ಮುಗಿದ ಮೇಲೆ ಕೊಡಿ ಅಂದೆ. ಅಕ್ಟೋಬರ್‌ನಲ್ಲಿ ಟೀಚರು ತಾವೇ ಶಿರಸಿಗೆ ಬಂದು ಕೊಟ್ಟರು. ಜೊತೆಗೆ ಪಕ್ಕದ ಮನೆಯವರನ್ನೂ ಕರೆದುಕೊಂಡು ಬಂದಿದ್ದರು.

ಈಗ ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ಈಗ ಎಲ್ಲ ಕಡೆ ಕರೆಂಟಿನ ಕಂಬ ಬಂದಿದೆ. ಅವನು ಮಾರುತ್ತಿರುವುದು ನಾಲ್ಕು ದೀಪವನ್ನಲ್ಲ, ಮಾಡಿನ ಮೇಲಿನಿಂದ ಹೆಸ್ಕಾಂ ಲೈನಿಗೆ ಕರೆಂಟು ಕೊಡುವ ವ್ಯವಸ್ಥೆಯನ್ನು. 2024ರ ಪಿಎಂ ಸೂರ್ಯ ಘರ್ ಯೋಜನೆ. ಒಳ್ಳೆಯ ಯೋಜನೆ, ನಾನೂ ಮಾರುತ್ತೇನೆ. ಆದರೆ ಅವನು ಹೋದ ನಲವತ್ತು ಮನೆಗಳ ಕರೆಂಟ್ ಬಿಲ್ ನೋಡಿದ್ದಾನಾ? 2023ರಿಂದ ಗೃಹಜ್ಯೋತಿ ಇದೆ. ತಿಂಗಳಿಗೆ 80 ಯೂನಿಟ್ ಉರಿಸುವ ಮನೆಗೆ ಬಿಲ್ಲೇ ಸೊನ್ನೆ. ಅವರಿಗೆ ಬಿಲ್ ಉಳಿತಾಯದ ಮಾತು ಯಾಕೆ? ಸುಮ್ನೆ ಅವರ ಸಮಯ, ಅವನ ಪೆಟ್ರೋಲು ಎರಡೂ ಖರ್ಚು. 200 ಯೂನಿಟ್ ದಾಟುವವರು ಬೇರೆ ಇದ್ದಾರೆ. ಹೋಂಸ್ಟೇ ನಡೆಸುವವರು, ದೊಡ್ಡ ಒಟ್ಟು ಕುಟುಂಬದವರು. ಅವರ ಮನೆಗೆ ಮೊದಲು ಹೋಗಬೇಕು.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು ಇದೆ. ಬ್ಯಾಟರಿ ಇಲ್ಲದ ಈ ವ್ಯವಸ್ಥೆ, ಲೈನಿನಲ್ಲಿ ಕರೆಂಟು ಹೋದ ತಕ್ಷಣ ತಾನೂ ನಿಂತುಬಿಡುತ್ತದೆ. ನಿಲ್ಲಲೇಬೇಕು. ಇಲ್ಲದಿದ್ದರೆ ಕಂಬ ಹತ್ತಿ ರಿಪೇರಿ ಮಾಡುತ್ತಿರುವ ಲೈನ್‌ಮನ್‌ಗೆ ಮನೆಯ ಕರೆಂಟು ಹೊಡೆಯುತ್ತದೆ. ಆದರೆ ನಮ್ಮ ಜನರಿಗೆ ಸೋಲಾರ್ ಅಂದರೆ ಕರೆಂಟು ಹೋದಾಗ ಉರಿಯುವ ದೀಪ. ಇಪ್ಪತ್ತೈದು ವರ್ಷ ನಾವೇ ಹಾಗೆ ಹೇಳಿಕೊಟ್ಟಿದ್ದೇವೆ, ಅಲ್ವಾ? ಲಕ್ಷಾಂತರ ರೂಪಾಯಿ ಹಾಕಿ, ಮಾಡಿನ ತುಂಬಾ ಪ್ಯಾನೆಲ್ ಇಟ್ಟುಕೊಂಡು, ಜೂನ್‌ನಲ್ಲಿ ಮರ ಬಿದ್ದ ದಿನ ಮನೆ ಕತ್ತಲಾದರೆ ಅವರಿಗೆ ಏನನ್ನಿಸಬೇಡ? ಆ ಹುಡುಗನ ಕಾಗದದಲ್ಲಿ ಇದು ಎಲ್ಲೂ ಇರಲಿಲ್ಲ. ಅವನಿಗೆ ಗೊತ್ತಿತ್ತು. ಕೇಳಿದರೆ ಹೇಳುತ್ತೇನೆ ಅಂದ.

"ಕೇಳೋ ಮೊದಲೇ ಹೇಳು ತಮ್ಮ. ಬ್ಯಾಟರಿ ಇರೋದು ಬೇಕಾದ್ರೆ ಅದರ ರೇಟು ಬೇರೆ ಅಂತಾನೂ ಹೇಳು" ಅಂದೆ.

ನಿನ್ನೆ ಅವನು ಮತ್ತೆ ಬಂದಿದ್ದ. ಆವತ್ತು ಮಾತಿನಲ್ಲಿ ಬಂದ ಹಳೆಯ ರಿಜಿಸ್ಟರ್ ತೋರಿಸಿ ಅಂದ. ಅಟ್ಟದಿಂದ ಇಳಿಸಿದೆ. ಅಂಚುಗಳನ್ನು ಗೆದ್ದಲು ಸ್ವಲ್ಪ ತಿಂದಿದೆ. ಸಹಿಗಳು, ಹೆಬ್ಬೆಟ್ಟುಗಳು, ಪಕ್ಕದಲ್ಲಿ ನನ್ನ ಅಕ್ಷರ: ನೀರು ಹಾಕಿದೆ, ಫ್ಯೂಸ್ ಬದಲಿಸಿದೆ, ಮನೆಯಲ್ಲಿ ಯಾರೂ ಇರಲಿಲ್ಲ, ಮರುದಿನ ಹೋದೆ. ಅವನು ಒಂದೊಂದೇ ಪುಟ ತಿರುವಿದ. ನಾಲ್ಕಾರು ಪುಟಗಳ ಫೋಟೊ ತೆಗೆದುಕೊಂಡ.

ಮಧ್ಯಾಹ್ನ ಇಬ್ಬರೂ ಅವನ ಬೈಕಿನಲ್ಲಿ ಒಂದು ಹೋಂಸ್ಟೇಗೆ ಹೋದೆವು. ಒಳ್ಳೆಯ ಆರ್‌ಸಿಸಿ ಮಾಳಿಗೆ, ದಕ್ಷಿಣಕ್ಕೆ ತೆರೆದ ಜಾಗ. ಅವನು ಫೋನ್ ತೆಗೆದು ಅಳತೆ ಶುರು ಮಾಡಿದ. ನಾನು ಅಂಗಳದಾಚೆ ನೋಡಿದೆ. ಅಲ್ಲೊಂದು ಹಲಸಿನ ಮರ, ಇನ್ನೂ ಎಳೆಯದು, ಮಾಳಿಗೆಯಷ್ಟು ಎತ್ತರ ಬಂದಿಲ್ಲ.

"ಇಲ್ಲಿ ನಿಂತ್ಕೊ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಸೂರ್ಯ ಎಲ್ಲಿರ್ತಾನೆ, ಕೈ ಮಾಡಿ ತೋರಿಸು" ಅಂದೆ.

ಅವನು ಫೋನ್ ಜೇಬಿಗೆ ಹಾಕಿದ. ಸ್ವಲ್ಪ ಹೊತ್ತು ಆಕಾಶ ನೋಡಿದ. ಆಮೇಲೆ ಕೈ ಎತ್ತಿ, ನಿಧಾನಕ್ಕೆ ಆ ಮರದ ಕಡೆಗೆ ಇಳಿಸಿದ. ಹೋಂಸ್ಟೇಯವರು ಒಳಗಿಂದ ಒಂದು ಚೊಂಬು ಮಜ್ಜಿಗೆ ತಂದು ನಮ್ಮ ಪಕ್ಕದಲ್ಲೇ ನಿಂತರು. "ಹತ್ತು ವರ್ಷಕ್ಕೆ ಆ ಮರ ಎಷ್ಟೆತ್ತರ ಆಗಬಹುದು?" ಅಂತ ಅವರನ್ನೇ ಕೇಳಿದ.